ಕನ್ನಡದಲ್ಲೇ ಬಾಯಿ ತೆರೆಯುವ ಕಾರ್ಟೂನ್ ಬೇಕು

ಕರ್ನಾಟಕ ಸರ್ಕಾರದ ಐಟಿ–ಬಿಟಿ ಇಲಾಖೆಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ಅಧಿಕಾರಿಗಳೇ,

ನಮಸ್ಕಾರ. ಎರಡು ಇಲಾಖೆಗೆ ಒಂದೇ ಪತ್ರ ಬರೆಯುತ್ತಿದ್ದೇನೆ. ಕಾರಣ ಇದೆ. ನಾನು ಕೇಳುತ್ತಿರುವುದು ಎರಡರ ಸಂದಿಯಲ್ಲಿ ಸಿಕ್ಕಿಕೊಳ್ಳುವಂಥ ವಿಷಯ. ಅದು ಆನಿಮೇಷನ್, ಹಾಗಾಗಿ ಐಟಿಯವರದ್ದು ಅಂತ ಒಬ್ಬರು ಹೇಳಬಹುದು. ಅದು ಮಕ್ಕಳ ಕಥೆ, ಹಾಗಾಗಿ ಸಂಸ್ಕೃತಿಯವರದ್ದು ಅಂತ ಇನ್ನೊಬ್ಬರು ಹೇಳಬಹುದು. ಕಡತ ಆ ಮೇಜಿನಿಂದ ಈ ಮೇಜಿಗೆ ಓಡಾಡುವುದು ಬೇಡ ಅಂತ ಇಬ್ಬರಿಗೂ ಒಟ್ಟಿಗೇ ಹೇಳುತ್ತಿದ್ದೇನೆ.

ಕೇಳುತ್ತಿರುವುದು ಇಷ್ಟೇ. ಆರರಿಂದ ಹತ್ತು ವರ್ಷದ ಮಕ್ಕಳಿಗೆ ಒಂದು ಸಾಹಸ ಕಾರ್ಟೂನ್ ಸರಣಿ. ನಮ್ಮ ಸೀಮೆಯ ಪ್ರಾಣಿಗಳೇ ಅದರ ಪಾತ್ರಗಳು. ಮೊದಲು ಕನ್ನಡದಲ್ಲಿ ಬರೆದು, ಮೊದಲು ಕನ್ನಡದಲ್ಲಿ ದನಿ ಕೊಟ್ಟು, ಆಮೇಲೆ ಚಿತ್ರ ಮಾಡಿದ್ದು. ಡಬ್ ಮಾಡಿದ್ದಲ್ಲ.

ನಾನು ಡಬ್ಬಿಂಗ್ ವಿರೋಧಿ ಅಂದುಕೊಳ್ಳಬೇಡಿ. ನನ್ನ ಅನ್ನವೇ ಅದರಲ್ಲಿದೆ. ಬೇರೆ ಭಾಷೆಯ ಕಾರ್ಟೂನ್‌ಗಳಿಗೆ ಕನ್ನಡದ ಮಾತು ಬರೆಯುವುದು ನನ್ನ ಕೆಲಸ. ಕನ್ನಡದಲ್ಲಿ ದಶಕಗಟ್ಟಲೆ ಡಬ್ಬಿಂಗ್‌ಗೆ ಒಪ್ಪಿಗೆ ಇರಲಿಲ್ಲ ಅಂತ ನಿಮಗೆ ಗೊತ್ತೇ ಇದೆ. ತಡೆಯುವ ಕಾನೂನು ಯಾವುದೂ ಇರಲಿಲ್ಲ, ಆದರೂ ಡಬ್ಬಿಂಗ್ ನಡೆಯುತ್ತಿರಲಿಲ್ಲ. 2009ರಲ್ಲಿ ಸನ್ ಬಳಗ ಚಿಂಟು ಟಿವಿ ಶುರು ಮಾಡಿದಾಗ ಕಾರ್ಟೂನ್‌ಗಳು ಕನ್ನಡ ಮಾತಾಡಿದವು. 2015ರಲ್ಲಿ ಮಾರುಕಟ್ಟೆಯ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಆದೇಶ ಕೊಟ್ಟಿತು. ಅಲ್ಲಿಂದ ಈಚೆಗೆ ದೊಡ್ಡವರ ಸಿನಿಮಾಗಳೂ ಬಂದವು. ಬಂದದ್ದು ಒಳ್ಳೆಯದೇ ಆಯಿತು. ಮಗು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನೋಡುವ ಬದಲು ಕನ್ನಡದಲ್ಲಿ ನೋಡಲಿ ಅನ್ನುವವನು ನಾನು. ಒಟಿಟಿಯವರು ತಮ್ಮಲ್ಲಿರುವ ಮಕ್ಕಳ ಸರಣಿಗಳಿಗೆಲ್ಲ ಕನ್ನಡದ ಆಡಿಯೊ ಸೇರಿಸಲಿ ಅಂತಲೂ ಇಲ್ಲೇ ಹೇಳಿಬಿಡುತ್ತೇನೆ. ಸಂಗೀತ ಮತ್ತು ಸದ್ದಿನ ಟ್ರ್ಯಾಕ್ ಬೇರೆಯಾಗಿಯೇ ಬರುತ್ತದೆ. ಮಾತು ಮಾತ್ರ ಸೇರಿಸಬೇಕು.

ಆದರೆ ಈ ಕೆಲಸದ ಒಳಗೆ ಕೂತವನಿಗೆ ಅದರ ಮಿತಿಯೂ ಕಾಣುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ದೃಶ್ಯ ಅಂದುಕೊಳ್ಳಿ. ಮೇಲಿಂದ ಕೊಂಬೆ ಮುರಿದು ಬೀಳುತ್ತಿದೆ. ಕೆಳಗೆ ಮೊಲ ನಿಂತಿದೆ. ಅಳಿಲು ಓಡಿಬಂದು ಕೂಗುತ್ತದೆ. ಅಳಿಲಿನ ಬಾಯಿ ತೆರೆದಿರುವುದು ಮುಕ್ಕಾಲು ಸೆಕೆಂಡ್. ನನ್ನ ಕೈಗೆ ಬರುವ ಕಚ್ಚಾ ಅನುವಾದದಲ್ಲಿ ‘ಎಚ್ಚರಿಕೆಯಿಂದಿರು ಗೆಳೆಯಾ’ ಅಂತಿರುತ್ತದೆ. ಅದನ್ನು ಹೇಳಿ ಮುಗಿಸುವ ಹೊತ್ತಿಗೆ ಕೊಂಬೆ ಬಿದ್ದು, ದೃಶ್ಯ ಮುಗಿದು, ಬಿಸ್ಕತ್ತಿನ ಜಾಹೀರಾತು ಬಂದಿರುತ್ತದೆ. ಸರಿ, ‘ಏಯ್, ಬಗ್ಗೋ!’ ಅಂತ ಬರೆಯುತ್ತೇನೆ. ಹಾಕಿ ನೋಡಿದರೆ ಇನ್ನೊಂದು ತೊಡಕು. ‘ಬ’ ಹೇಳುವಾಗ ತುಟಿ ಸೇರಬೇಕು. ಚಿತ್ರದಲ್ಲಿ ಅಳಿಲು ಅಲ್ಲೇ ಬಾಯಿ ಅಗಲ ಮಾಡಿದೆ. ಪ, ಬ, ಮ ಮೂರೂ ಆ ಜಾಗಕ್ಕೆ ಆಗುವುದಿಲ್ಲ. ಕೊನೆಗೆ ‘ಏಯ್, ಸರಿಯೋ ಆಚೆ!’ ಅಂತ ಕೂರಿಸುತ್ತೇವೆ. ಚೆನ್ನಾಗಿಯೇ ಕೂರುತ್ತದೆ. ಆದರೆ ಆ ಅಳಿಲಿನ ಕೈ ಆಡುವ ರೀತಿ, ಅದು ನಡುವೆ ಉಸಿರು ಎಳೆದುಕೊಳ್ಳುವ ಜಾಗ, ಹುಬ್ಬು ಏರುವ ಹೊತ್ತು, ಎಲ್ಲ ಬೇರೆ ಭಾಷೆಯ ನಟ ಮೈಕಿನ ಮುಂದೆ ಮಾಡಿದ್ದು. ನಮಗೆ ಉಳಿಯುವುದು ಆ ತೆರವುಗಳಲ್ಲಿ ಮಾತು ತುಂಬುವ ಕೆಲಸ.

ಮೂಲದಲ್ಲಿ ಇದು ತಿರುವುಮುರುವಾಗಿ ನಡೆಯುತ್ತದೆ. ಮೊದಲು ಕಥೆ, ಆಮೇಲೆ ದೃಶ್ಯಗಳನ್ನು ಸಾಲಾಗಿ ಬಿಡಿಸಿಟ್ಟ ಸ್ಟೋರಿಬೋರ್ಡ್, ಆಮೇಲೆ ದನಿ. ನಟ ಮೈಕಿನ ಮುಂದೆ ನಗುತ್ತಾನೆ, ಎಳೆಯುತ್ತಾನೆ, ತೊದಲುತ್ತಾನೆ. ಆನಿಮೇಟರ್ ಅದನ್ನು ಮತ್ತೆ ಮತ್ತೆ ಕೇಳಿಸಿಕೊಂಡು ಬಾಯಿ, ಕಣ್ಣು, ಬಾಲ ಆಡಿಸುತ್ತಾನೆ. ಹನ್ನೊಂದು ನಿಮಿಷದ ಒಂದು ಕಂತಿಗೆ, ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ, 16,500 ಫ್ರೇಮ್. ಅಷ್ಟೂ ಫ್ರೇಮ್ ಒಂದು ದನಿಯ ಹಿಂದೆ ಹೋಗುತ್ತವೆ. ಆ ದನಿ ಒಮ್ಮೆಯಾದರೂ ಕನ್ನಡದ್ದಾಗಿರಬೇಕು ಅನ್ನುವುದು ನನ್ನ ಆಸೆ. ಕೊಪ್ಪಳದ ಹುಡುಗನೊಬ್ಬ ‘ಯಾಕ್ಲೇ ತಮ್ಮಾ’ ಅಂತ ಎಳೆದರೆ, ತೋಳದ ಮರಿಯ ಬಾಯಿ ಆ ‘ಮ್ಮಾ’ಗೆ ತಕ್ಕ ಹಾಗೆ ತೆರೆಯಬೇಕು. ಆ ಎಳೆತಕ್ಕೆ ತಲೆ ಹೇಗೆ ವಾಲುತ್ತದೆ ಅಂತ ಆ ಕಡೆಯ ಆನಿಮೇಟರ್‌ಗೆ ಯಾರೂ ಹೇಳಿಕೊಡಬೇಕಿಲ್ಲ.

ಯೂಟ್ಯೂಬಿನಲ್ಲಿ ಕನ್ನಡ ಶಿಶುಗೀತೆಗಳು ಬೇಕಾದಷ್ಟಿವೆಯಲ್ಲ ಅಂತ ನೀವು ಕೇಳಬಹುದು. ಇವೆ. ಆನೆ ಬಂದು ಹೋಗುತ್ತದೆ, ಚಿಟ್ಟೆ ಹಾರುತ್ತದೆ, ಎರಡು ಮೂರು ವರ್ಷದ ಕೂಸು ಅದನ್ನು ನೋಡುತ್ತಾ ಊಟ ಮುಗಿಸುತ್ತದೆ. ಆರು ತುಂಬಿದ ಮಗುವಿಗೆ ಅದು ಸಾಲದು. ಅದಕ್ಕೆ ಗೆಳೆಯರ ಗುಂಪು ಬೇಕು, ಒಬ್ಬ ತರಲೆ ಬೇಕು, ದಾಟಬೇಕಾದ ಹೊಳೆ ಬೇಕು, ‘ಮುಂದೇನಾಗುತ್ತೆ’ ಅಂತ ಮಾರನೆಯ ದಿನಕ್ಕೆ ಕಾಯುವಂಥದ್ದು ಬೇಕು. ಆ ವಯಸ್ಸಿಗೆ ಬಂದ ಕೂಡಲೇ ಮಕ್ಕಳು ರಿಮೋಟ್ ತಿರುಗಿಸುತ್ತವೆ. ಪಕ್ಕದ ಹೈದರಾಬಾದಿನ ಸ್ಟುಡಿಯೊ 2008ರಲ್ಲಿ ಲಡ್ಡು ತಿನ್ನುವ ಹುಡುಗನನ್ನೂ ಮಾತಾಡುವ ಕೋತಿಯನ್ನೂ ಪೋಗೊ ಚಾನೆಲ್‌ನಲ್ಲಿ ಬಿಟ್ಟಿತು. ಛೋಟಾ ಭೀಮ್ ನೋಡಿಯೇ ಹಿಂದಿ ಕಲಿತ ಮಕ್ಕಳು ನಮ್ಮ ಊರುಗಳಲ್ಲಿ ಎಷ್ಟಿವೆ ಅಂತ ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ. ಹಿಂದಿ ಬಂದರೆ ಬರಲಿ, ನನಗೇನೂ ಸಿಟ್ಟಿಲ್ಲ. ಹೊಟ್ಟೆಕಿಚ್ಚು ಮಾತ್ರ ಇದೆ. ಕನ್ನಡವನ್ನೂ ಹಾಗೆ ಆಟ ಆಡುತ್ತಾ ಕಲಿಯುವ ಅವಕಾಶ ಯಾಕಿಲ್ಲ? ನಮ್ಮಲ್ಲೇ ಇರುವ ಬೇರೆ ಭಾಷೆಯ ಮನೆಗಳ ಮಕ್ಕಳಿಗೆ ಕನ್ನಡ ಕಲಿಸಬೇಕು ಅಂತ ಎಷ್ಟು ಭಾಷಣ ಕೇಳಿದ್ದೇವೆ! ಒಂದು ಒಳ್ಳೆಯ ಕಾರ್ಟೂನ್ ಸಂಜೆ ಆರಕ್ಕೆ ಬಂದರೆ ಅರ್ಧ ಕೆಲಸ ಆಯಿತು.

ಕೈ ಕೆಲಸ ಬಲ್ಲವರು ನಮ್ಮಲ್ಲಿಲ್ಲವೇ? ಇದ್ದಾರೆ. ಇಲ್ಲಿಗೆ ಬಂದಾಗ ನನಗೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಅಮೆರಿಕದ ಟಿವಿಯಲ್ಲಿ ಓಡಾಡಿದ ಪೆಂಗ್ವಿನ್‌ಗಳು, ಕುಂಗ್‌ಫು ಆಡಿದ ಪಾಂಡಾ, ಇವುಗಳನ್ನು ಆಡಿಸಿದ ಕೈಗಳಲ್ಲಿ ಬೆಂಗಳೂರಿನವು ಬೇಕಾದಷ್ಟಿವೆ. ಇಲ್ಲಿನ ಟೆಕ್ನಿಕಲರ್ ಸ್ಟುಡಿಯೊದಲ್ಲಿ ವರ್ಷಗಟ್ಟಲೆ ಅಂಥ ಕೆಲಸ ನಡೆಯಿತು. ಕೂದಲು ಕೂದಲಾಗಿ ತುಪ್ಪಳ ಮಾಡಿದವರು, ಪ್ರಾಣಿ ಓಡುವಾಗ ಬೆನ್ನುಮೂಳೆ ಹೇಗೆ ಬಾಗುತ್ತದೆ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು ನಮ್ಮ ಪಕ್ಕದ ಬೀದಿಗಳಲ್ಲೇ ಇದ್ದಾರೆ. 2025ರ ಆರಂಭದಲ್ಲಿ ಆ ಕಂಪನಿ ಕುಸಿಯಿತು. ಇಲ್ಲಿನ ಕಚೇರಿಯೂ ಮುಚ್ಚಿತು. ಸಾವಿರಾರು ಜನರ ಕೆಲಸ ಹೋಯಿತು. ಹೊರಗಿನ ಆರ್ಡರ್ ನಂಬಿಕೊಂಡು ಕೂತರೆ ಏನಾಗುತ್ತದೆ ಅಂತ ಅದಕ್ಕಿಂತ ಚೆನ್ನಾಗಿ ಯಾರು ಹೇಳಬೇಕು. ಮೂಲ ಕಥೆ ಬೇರೆಯವರದ್ದು, ಪಾತ್ರ ಬೇರೆಯವರದ್ದು, ಹಕ್ಕು ಬೇರೆಯವರದ್ದು, ನಮ್ಮದು ಬರೀ ಕೂಲಿ.

ಐಟಿ–ಬಿಟಿ ಇಲಾಖೆಯವರಿಗೆ ಇಲ್ಲೊಂದು ಮಾತು. ಆನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್‌ಗೆ ದೇಶದಲ್ಲೇ ಮೊದಲು ನೀತಿ ಮಾಡಿದ್ದು ನೀವು, 2012ರಲ್ಲಿ. ಅದಕ್ಕೆ ನಿಮ್ಮನ್ನು ಮೆಚ್ಚಬೇಕು. ಈಗ 2024ರಿಂದ 2029ರವರೆಗಿನ ನೀತಿ ನಡೆಯುತ್ತಿದೆ. ಉದ್ಯೋಗ, ಹೂಡಿಕೆ, ರಫ್ತು, ಎಲ್ಲ ಸರಿ. ಅದರ ಹಣದಲ್ಲಿ ಒಂದು ಪಾಲನ್ನು ಕನ್ನಡದಲ್ಲಿ ಹುಟ್ಟುವ ಮಕ್ಕಳ ಸರಣಿಗೇ ಅಂತ ಎತ್ತಿಡಿ. ಶಬ್ದಕ್ಕೆ ಶಬ್ದ ನೋಡಿ ಬರೆಯಿರಿ: ಮೊದಲ ದನಿ ಕನ್ನಡದಲ್ಲಿ ರೆಕಾರ್ಡ್ ಆಗಿರಬೇಕು. ಇಷ್ಟು ಬರೆಯದಿದ್ದರೆ ಇಂಗ್ಲಿಷಿನಲ್ಲಿ ಮಾಡಿ, ಕೊನೆಗೆ ಎರಡು ದಿನದಲ್ಲಿ ಕನ್ನಡ ಅಂಟಿಸಿ, ಬಿಲ್ಲು ಕಳಿಸುವವರು ಬರುತ್ತಾರೆ. ಕೊನೆಗೆ ಅಂಟಿಸುವ ಆ ಎರಡು ದಿನದ ಕೆಲಸ ನನ್ನಂಥವರಿಗೇ ಬರುವುದು. ಆದ್ದರಿಂದ ಗೊತ್ತು.

ಸಣ್ಣ ಭಾಷೆಯಲ್ಲಿ ಇಂಥದ್ದು ನಡೆಯುವುದಿಲ್ಲ ಅನ್ನುವವರಿಗೆ ಬ್ರಿಟನ್ನಿನ ವೇಲ್ಸ್ ಕಡೆ ನೋಡಿ ಅನ್ನುತ್ತೇನೆ. 1982ರ ನವೆಂಬರ್ 1ರಂದು ಅಲ್ಲಿ ವೆಲ್ಶ್ ಭಾಷೆಗೆ ಅಂತಲೇ ಎಸ್‌ಫೋರ್‌ಸಿ ಅನ್ನುವ ಚಾನೆಲ್ ಶುರುವಾಯಿತು. ಆಗ ಆ ಭಾಷೆ ಬಲ್ಲವರು ಸುಮಾರು ಐದು ಲಕ್ಷ. ನಮ್ಮ ಒಂದು ಮಧ್ಯಮ ಗಾತ್ರದ ಊರಿನಷ್ಟು. ಚಾನೆಲ್ ಶುರುವಾದ ದಿನವೇ ಮಕ್ಕಳಿಗೆ ಕೊಟ್ಟದ್ದು ಒಂದು ಆನಿಮೇಷನ್ ಸರಣಿ, ಸೂಪರ್‌ಟೆಡ್. ಕಾರ್ಖಾನೆಯಲ್ಲಿ ಕೆಟ್ಟ ಮಾಲು ಅಂತ ಮೂಲೆಗೆ ಎಸೆದ ಗೊಂಬೆ ಕರಡಿ ಎದ್ದು ಹಾರುವ ಕಥೆ. ಕಾರ್ಡಿಫ್‌ನಲ್ಲಿ ಅದಕ್ಕೆ ಅಂತಲೇ ಸಿರಿಯೋಲ್ ಅನ್ನುವ ಸ್ಟುಡಿಯೊ ಕಟ್ಟಿದರು, ಊರಿನ ಹುಡುಗರಿಗೆ ಕೆಲಸ ಸಿಗಲಿ ಅಂತ. ಆ ಕರಡಿ ಆಮೇಲೆ ಇಂಗ್ಲಿಷ್ ಕಲಿತು ಬಿಬಿಸಿಗೆ ಹೋಯಿತು, ಅಮೆರಿಕದ ಡಿಸ್ನಿ ಚಾನೆಲ್‌ಗೂ ಹೋಯಿತು. ಅದೇ ಸ್ಟುಡಿಯೊ ವೆಲ್ಶ್ ಮಕ್ಕಳ ಹಳೆಯ ಕಥೆಗಳಿಂದ ಒಂದು ತುಂಟ ಬಾತುಕೋಳಿ ಮರಿಯನ್ನೂ ಎಬ್ಬಿಸಿ ತಂದಿತು. ಗಮನಿಸಿ, ಹಕ್ಕು ಅವರ ಕೈಯಲ್ಲೇ ಇತ್ತು. ಊರ ಭಾಷೆಯಲ್ಲಿ ಮೊದಲು ತೋರಿಸಿದ್ದನ್ನು ಹೊರಗೆ ಮಾರಿದರು. ನಾವು 2011ರ ಜನಗಣತಿಯಲ್ಲೇ 4.37 ಕೋಟಿ ಜನ ಕನ್ನಡ ನಮ್ಮ ತಾಯ್ನುಡಿ ಅಂತ ಬರೆಸಿದವರು. ಮಾರುಕಟ್ಟೆ ಇಲ್ಲ ಅಂತ ನಾವು ಹೇಳಿದರೆ ಐದು ಲಕ್ಷದವರು ನಗುವುದಿಲ್ಲವೇ?

ನಮಗೆ ಕಥೆಯ ಬರವೂ ಇಲ್ಲ. ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದದ್ದು ಸುಮಾರು ಸಾವಿರ ವರ್ಷದ ಹಿಂದೆ, ಚಾಲುಕ್ಯರ ಆಸ್ಥಾನದಲ್ಲಿ ಕೂತು. ಸಿಂಹ, ಎತ್ತು, ನಡುವೆ ಚಾಡಿ ಹೇಳುವ ನರಿಗಳು ಆಗಲೇ ಕನ್ನಡ ಮಾತಾಡಿಯಾಗಿದೆ. ಹುಲಿಯ ಮುಂದೆ ಮಾತು ಕೊಟ್ಟು ಹೋಗಿ ವಾಪಸ್ ಬಂದ ಹಸುವಿನ ಹಾಡು ಯಾವ ಕನ್ನಡ ಮಗುವಿಗೆ ಗೊತ್ತಿಲ್ಲ? ಆ ಪುಣ್ಯಕೋಟಿಯ ಕಥೆ 2020ರಲ್ಲಿ ಪೂರ್ಣ ಪ್ರಮಾಣದ ಆನಿಮೇಷನ್ ಚಿತ್ರವಾಯಿತು. ಬೆಂಗಳೂರಿನವರೇ ಜನರಿಂದ ಹಣ ಸೇರಿಸಿ ಕಷ್ಟಪಟ್ಟು ಮಾಡಿದರು. ಚಿತ್ರದ ಭಾಷೆ ಸಂಸ್ಕೃತ. ಮಾಡಿದವರ ಬಗ್ಗೆ ನನಗೆ ಗೌರವ ಇದೆ, ಅವರಿಗೆ ಆ ಭಾಷೆಯಲ್ಲಿ ಮಾಡುವ ಮನಸ್ಸಿತ್ತು, ಮಾಡಿದರು. ನಾವು ಕನ್ನಡದವರು ಏನು ಮಾಡುತ್ತಿದ್ದೆವು ಅನ್ನುವುದಷ್ಟೇ ನನ್ನ ಪ್ರಶ್ನೆ.

ಆದರೂ ನಾನು ಹಳೆಯ ನೀತಿಕಥೆಗೇ ಬಣ್ಣ ಹಚ್ಚಿ ಕೊಡಿ ಅನ್ನುತ್ತಿಲ್ಲ. ದಯವಿಟ್ಟು ಅದು ಬೇಡ. ಸರ್ಕಾರಿ ಹಣ ಅಂದ ಕೂಡಲೇ ಮೊಲ ಕೈತೊಳೆಯುವ ಮಹತ್ವ ಹೇಳುತ್ತದೆ, ಆನೆ ಗಿಡ ನೆಡುತ್ತದೆ, ಕೊನೆಗೆ ಎಲ್ಲರೂ ಸಾಲಾಗಿ ನಿಂತು ಘೋಷಣೆ ಕೂಗುತ್ತಾರೆ. ಅಂಥದ್ದನ್ನು ಮಕ್ಕಳು ಐದು ನಿಮಿಷವೂ ನೋಡುವುದಿಲ್ಲ. ಬೇಕಿರುವುದು ಸಾಹಸ. ಅದಕ್ಕೆ ತಕ್ಕ ಜಾಗವೂ ನಮ್ಮಲ್ಲಿದೆ.

ನನ್ನ ಮನಸ್ಸಿನಲ್ಲಿರುವುದು ಹಂಪಿ–ಆನೆಗೊಂದಿ ಸೀಮೆ. ಆ ಬಂಡೆಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. ಒಂದರ ಮೇಲೊಂದು ಕೂತ ಗುಂಡುಕಲ್ಲುಗಳು, ಅವುಗಳ ಸಂದಿಯಲ್ಲಿ ಗವಿಗಳು, ನಡುವೆ ಹರಿಯುವ ತುಂಗಭದ್ರೆ, ಕಾಲುವೆ, ಬಾಳೆತೋಟ, ಗದ್ದೆ. ಯಾವ ಸೆಟ್ ಡಿಸೈನರ್ ಇಷ್ಟು ಮಾಡಿಕೊಡುತ್ತಾನೆ? ಪಾತ್ರಗಳೂ ಅಲ್ಲೇ ಇವೆ. ದರೋಜಿಯಲ್ಲಿ ಕರಡಿಧಾಮ ಇದೆ. ಅಲ್ಲಿನ ಕರಡಿಗೆ ಮೇಲ್ದವಡೆಯ ಮುಂಭಾಗದಲ್ಲಿ ಎರಡು ಹಲ್ಲಿಲ್ಲ. ಆ ಸಂದಿಯಿಂದ ಗೆದ್ದಲನ್ನು ಸೊರ್ರ್ ಅಂತ ಹೀರುತ್ತದೆ, ದೂರಕ್ಕೆಲ್ಲ ಕೇಳಿಸುವ ಹಾಗೆ. ಗುಟ್ಟಾಗಿ ಎಲ್ಲೋ ನುಗ್ಗಬೇಕಾದ ಗುಂಪಿನಲ್ಲಿ ಇಂಥವನೊಬ್ಬ ಇದ್ದರೆ ಏನಾಗಬಹುದು ಯೋಚಿಸಿ. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಆ ಎತ್ತರದಿಂದ ಲೋಕ ನೋಡುವ ಮರಿಯೇ ನಮ್ಮ ನಾಯಕಿ ಆಗಬಹುದು.

ಹೊಳೆಯಲ್ಲಿ ನೀರುನಾಯಿಗಳಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶ ಅಂತ ಸರ್ಕಾರವೇ ಘೋಷಿಸಿದೆ. ಇವು ಒಂಟಿಯಾಗಿ ಇರುವ ಜೀವಗಳಲ್ಲ. ಇಡೀ ಕುಟುಂಬ ಒಟ್ಟಿಗೆ ಮೀನು ಹಿಡಿಯುತ್ತದೆ, ಕಚಪಿಚ ಮಾಡುತ್ತದೆ, ಮರಳಿನ ಮೇಲೆ ಹೊರಳಾಡುತ್ತದೆ. ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆ ಒಂದೇ ರಾತ್ರಿಯಲ್ಲಿ ಏರುತ್ತದೆ. ಮರಿ ಆಚೆ ದಂಡೆಯಲ್ಲಿ, ಮನೆಯವರು ಈಚೆ ದಂಡೆಯಲ್ಲಿ. ಮೊದಲ ಕಂತಿಗೆ ಇಷ್ಟು ಸಾಕಲ್ವಾ? ಗಂಗಾವತಿ ಕಡೆ ಬಂಕಾಪುರದ ಕುರುಚಲಿನಲ್ಲಿ ತೋಳಗಳಿವೆ. ಕುರಿಗಾಹಿಗೂ ತೋಳಕ್ಕೂ ನಡುವೆ ಎಷ್ಟು ತಲೆಮಾರಿನ ಲೆಕ್ಕಾಚಾರ ಇದೆಯೋ! ಕೋತಿಗಳನ್ನಂತೂ ಹೊಸದಾಗಿ ಪರಿಚಯಿಸಬೇಕಿಲ್ಲ, ಅದು ಕಿಷ್ಕಿಂಧೆ.

ಎರಡನೆಯ ಸರಣಿಗೆ ಮಲೆನಾಡಿಗೆ ಹೋಗಿ. ದಾಂಡೇಲಿಯ ಮಂಗಟ್ಟೆ ಹಕ್ಕಿಯ ವಿಷಯ ಗೊತ್ತಿರಬಹುದು. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಬಿಡುತ್ತದೆ. ಗಂಡು ವಾರಗಟ್ಟಲೆ ಹಣ್ಣು ತಂದು ಆ ಸೀಳಿನಿಂದ ಉಣಿಸಬೇಕು. ಒಂದು ದಿನ ಗಂಡು ಬರಲಿಲ್ಲ ಅಂತಿಟ್ಟುಕೊಳ್ಳಿ. ಒಳಗೆ ತಾಯಿ, ಮರಿ. ಹೊರಗೆ ಹಾರಲು ಬಾರದ ಗೆಳೆಯರು. ಹಣ್ಣು ಎತ್ತರದಲ್ಲಿ. ಇದನ್ನು ಯಾರೂ ಕಲ್ಪಿಸಬೇಕಿಲ್ಲ, ಕಾಡು ತಾನೇ ಬರೆದುಕೊಟ್ಟಿದೆ. ಅಘನಾಶಿನಿ ಕಣಿವೆಯ ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೇ ಅದರ ದಾರಿ. ನಡುವೆ ರಸ್ತೆ ಬಂದು ಮರಗಳು ಹೋದರೆ ದಾಟುವುದು ಹೇಗೆ? ಮಕ್ಕಳಿಗೆ ಉಪದೇಶ ಮಾಡದೆಯೇ ಎಷ್ಟೋ ವಿಷಯ ತಲುಪುತ್ತದೆ.

ಈಗ ಮಾತಿನ ಬಗ್ಗೆ. ನನಗೆ ಹೆಚ್ಚು ತಳಮಳ ಇರುವುದು ಇಲ್ಲೇ. ಪಾತ್ರಗಳಿಗೆಲ್ಲ ಒಂದೇ ಪಠ್ಯಪುಸ್ತಕದ ಕನ್ನಡ ಕೊಡಬೇಡಿ. ಕಂಪ್ಲಿಯ ನೀರುನಾಯಿ ಬಳ್ಳಾರಿ ಕಡೆಯ ಕನ್ನಡ ಆಡಲಿ. ಬಂಕಾಪುರದ ತೋಳ ‘ಎಲ್ಲಿಗ್ ಹೊಂಟೀರಿ, ನಿಂದ್ರಿ ಸ್ವಲ್ಪ’ ಅನ್ನಲಿ. ತುಮಕೂರಿನ ಕಡೆಯಿಂದ ದಾರಿ ತಪ್ಪಿ ಬಂದ ಕಾಡುಪಾಪ ಒಂದೊಂದು ಹೆಜ್ಜೆ ಇಡುವ ಹಾಗೆ ಒಂದೊಂದೇ ಮಾತು ಹೇಳಲಿ. ಆದರೆ ಒಂದು ಷರತ್ತು. ಉತ್ತರ ಕರ್ನಾಟಕದ ಮಾತು ಅಂದರೆ ಜೋಕರ್‌ಗೆ, ಮಂಗಳೂರಿನ ಮಾತು ಅಂದರೆ ಹೋಟೆಲಿನವನಿಗೆ, ಮೈಸೂರಿನ ಮಾತು ಮಾತ್ರ ನಾಯಕನಿಗೆ ಅನ್ನುವ ನಮ್ಮ ಸಿನಿಮಾದ ಚಾಳಿ ಇಲ್ಲಿ ನುಸುಳಬಾರದು. ರಾಯಚೂರಿನ ಮಗು ತನ್ನ ಮನೆಯ ಮಾತನ್ನು ಟಿವಿಯಲ್ಲಿ ಕೇಳಿದಾಗ ಆ ಮಾತು ಆಡುವವನು ಗುಂಪಿನ ಜಾಣ ಆಗಿರಲಿ, ಧೈರ್ಯವಂತ ಆಗಿರಲಿ. ಮಕ್ಕಳ ಪಾತ್ರಕ್ಕೆ ಮಕ್ಕಳಿಂದಲೇ ದನಿ ಕೊಡಿಸಿ, ಆಯಾ ಜಿಲ್ಲೆಯ ಶಾಲೆಗಳಿಂದ ಆರಿಸಿ. ದೊಡ್ಡವರು ಮೂಗಿನಿಂದ ಮಗುವಿನ ದನಿ ತೆಗೆಯುವುದು ಕೇಳಿ ಕೇಳಿ ಸಾಕಾಗಿದೆ. ಅಂಥ ದನಿಗೆ ಮಾತು ಬರೆದವನೇ ಹೇಳುತ್ತಿದ್ದೇನೆ.

ಸರಿಯಾಗಿ ಮಾಡಿದರೆ ಏನಾಗುತ್ತದೆ ಅಂತ ನಮ್ಮ ವಯಸ್ಸಿನವರಿಗೆ ಗೊತ್ತು. 1989ರಲ್ಲಿ ಜಪಾನಿನವರು ಮೋಗ್ಲಿಯ ಕಥೆಯನ್ನು 52 ಕಂತಿನ ಸರಣಿ ಮಾಡಿದರು. ಅದು ದೂರದರ್ಶನದಲ್ಲಿ ಹಿಂದಿಯಲ್ಲಿ ಬಂತು. ಹಿಂದಿಗೆ ತರುವಾಗ ಗುಲ್ಜಾರ್ ಕೈಲಿ ಹೊಸ ಹಾಡು ಬರೆಸಿದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು, ಶೇರ್ ಖಾನ್‌ಗೆ ನಾನಾ ಪಾಟೇಕರ್ ದನಿ. ಭಾನುವಾರ ಬೆಳಿಗ್ಗೆ ಹಿಂದಿಯ ಗಂಧವಿಲ್ಲದ ಹಳ್ಳಿಯ ಹುಡುಗರೂ ಆ ಹಾಡು ಗುನುಗುತ್ತಿದ್ದರು. ಡಬ್ಬಿಂಗನ್ನೇ ಅಷ್ಟು ಮುತುವರ್ಜಿಯಿಂದ ಮಾಡಿದ್ದರು. ದೊಡ್ಡ ಕವಿ ಮಕ್ಕಳ ಕಾರ್ಟೂನಿಗೆ ಬರೆಯುವುದು ಸಣ್ಣ ಕೆಲಸ ಅಂತ ಆಗ ಯಾರೂ ಅಂದುಕೊಳ್ಳಲಿಲ್ಲ. ನಮ್ಮಲ್ಲೂ ಕುವೆಂಪು ಮಕ್ಕಳಿಗಾಗಿ ಇಲಿಗಳ ಹಿಂಡನ್ನು ಬೊಮ್ಮನಹಳ್ಳಿಗೆ ನುಗ್ಗಿಸಿದವರು, ರಾಜರತ್ನಂ ನಾಯಿಮರಿಗೆ ತಿಂಡಿ ಬೇಕಾ ಅಂತ ಕೇಳಿದವರು. ಇವತ್ತಿನ ಕವಿಗಳನ್ನೂ ಕರೆಯಿರಿ, ಬರುತ್ತಾರೆ. ಸಂಭಾವನೆ ಮಾತ್ರ ಸರಿಯಾಗಿ ಕೊಡಿ. ಮಕ್ಕಳ ಕೆಲಸ ಅಂದ ಕೂಡಲೇ ‘ಸೇವೆ ಅಂತ ಮಾಡಿಕೊಡಿ ಸಾರ್’ ಅನ್ನುವವರನ್ನು ನಾನು ಜಾಸ್ತಿಯೇ ನೋಡಿದ್ದೇನೆ.

ಹಣ ಎಲ್ಲಿಂದ ಅಂತ ಕೇಳುತ್ತೀರಿ. ಕನ್ನಡ ಸಿನಿಮಾಗಳಿಗೆ ಸಬ್ಸಿಡಿ ಕೊಡುತ್ತೀರಿ, ಮಕ್ಕಳ ಚಿತ್ರಗಳಿಗೂ ಕೊಡುತ್ತೀರಿ. ಅದೇ ದಾರಿಯಲ್ಲಿ ಆನಿಮೇಷನ್ ಸರಣಿಗೂ ಒಂದು ಬಾಗಿಲು ತೆರೆಯಿರಿ. ಒಮ್ಮೆಗೇ 52 ಕಂತು ಬೇಡ. ಮೊದಲು ಮೂರು ತಂಡಗಳಿಗೆ ಒಂದೊಂದು ಮಾದರಿ ಕಂತು ಮಾಡಲು ಹಣ ಕೊಡಿ. ಅದನ್ನು ತಜ್ಞರ ಸಮಿತಿಗೆ ತೋರಿಸುವ ಮೊದಲು ಬೀದರಿನಿಂದ ಚಾಮರಾಜನಗರದವರೆಗೆ ಹತ್ತಾರು ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ತೋರಿಸಿ. ಮಕ್ಕಳು ಎದ್ದು ಹೋದದ್ದನ್ನು ಬಿಡಿ, ‘ಇನ್ನೊಂದ್ಸಲ ಹಾಕಿ ಸಾರ್’ ಅಂದದ್ದನ್ನು ಮುಂದುವರಿಸಿ. ಸಿದ್ಧವಾದ ಮೇಲೆ ಚಂದನದಲ್ಲೂ ಬರಲಿ, ಯೂಟ್ಯೂಬಿನಲ್ಲೂ ಉಚಿತವಾಗಿ ಇರಲಿ, ಯಾಕೆಂದರೆ ಮಕ್ಕಳು ಇರುವುದು ಅಲ್ಲೇ. ದುಬೈ, ಡಲ್ಲಾಸ್, ಸಿಡ್ನಿಯ ಕನ್ನಡ ಮನೆಗಳಿಗೂ ಹಾಗೆ ತಲುಪುತ್ತದೆ. ತಮಿಳು, ತೆಲುಗು, ಮರಾಠಿಗೆ ಮಾರುವ ಹಕ್ಕು ಮಾಡಿದ ಸ್ಟುಡಿಯೊಗೆ ಇರಲಿ. ಆಗ ಎರಡನೆಯ ಸರಣಿಗೆ ಅವರು ನಿಮ್ಮ ಬಾಗಿಲಿಗೆ ಬರಬೇಕಾಗಿಲ್ಲ. ನಮ್ಮ ನೀರುನಾಯಿಗೆ ತಮಿಳಿನಲ್ಲಿ ಬಾಯಿ ಕೂರಿಸುವ ಪಾಡು ಚೆನ್ನೈನ ನನ್ನಂಥ ಯಾರೋ ಪಡಲಿ ಅಂತ ಸ್ವಲ್ಪ ಕೆಟ್ಟ ಆಸೆಯೂ ನನಗಿದೆ, ಮುಚ್ಚಿಡುವುದಿಲ್ಲ.

ಮುಂದಿನ ಬಜೆಟ್ಟಿನ ತಯಾರಿ ಶುರುವಾಗುವ ಮೊದಲು ಎರಡೂ ಇಲಾಖೆ ಸೇರಿ ಒಂದು ಸಭೆ ಕರೆಯಿರಿ. ಕೆಲಸ ಕಳೆದುಕೊಂಡ ಆನಿಮೇಟರ್‌ಗಳನ್ನು ಕರೆಯಿರಿ. ದರೋಜಿಯ ಅರಣ್ಯ ವಾಚರ್ ಒಬ್ಬರನ್ನು ಕರೆಯಿರಿ, ಕರಡಿ ಹೇಗೆ ನಡೆಯುತ್ತದೆ ಅಂತ ಅವರು ಎದ್ದು ನಡೆದೇ ತೋರಿಸುತ್ತಾರೆ. ಪ್ರಾಥಮಿಕ ಶಾಲೆಯ ಇಬ್ಬರು ಮೇಷ್ಟ್ರು, ಇಬ್ಬರು ಕವಿಗಳು, ದನಿ ಕೊಡುವವರು ಇರಲಿ. ಮಾತು ಬರೆಯುವವರ ಕಡೆಯಿಂದ ನಾನು ಬರುತ್ತೇನೆ, ಪ್ರಯಾಣ ಭತ್ಯೆ ಬೇಡ. ಮೊದಲ ಕಂತಿನ ಕರಡು ತರುತ್ತೇನೆ. ಹೊಳೆ ಏರುವ ರಾತ್ರಿಯ ಕಥೆ ಅದು, ಅರ್ಧ ಬರೆದಾಗಿದೆ.

ಇಂತಿ ನಿಮ್ಮ ವಿಶ್ವಾಸಿ,
ಡಬ್ಬಿಂಗ್‌ಗೆ ಮಾತು ಬರೆಯುವ ಒಬ್ಬ ಕನ್ನಡಿಗ